ಮಗಳಿಗೆ ಬೆಕ್ಕಿನ ಕಣ್ಣು ಎಲ್ಲಿಂದ ಬಂತು?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ ಈಗ ಒಂದು ವರ್ಷ ಎರಡು ತಿಂಗಳು. ಅವಳ ಕಣ್ಣು ತಿಳಿ ಕಂದು, ಬಿಸಿಲಿನಲ್ಲಿ ಸ್ವಲ್ಪ ಹಸಿರು ಕಾಣಿಸುತ್ತದೆ. ನನ್ನದು, ನನ್ನ ಗಂಡನದು, ಅತ್ತಿ–ಮಾವನದು, ನನ್ನ ಅಪ್ಪ–ಅವ್ವನದು ಎಲ್ಲವೂ ಕಪ್ಪು ಕಣ್ಣೇ. ಗಂಡ ನನಗೆ ಸೋದರಮಾವನ ಮಗ. ನಮ್ಮ ಅವ್ವನ ಅಪ್ಪನಿಗೆ ಬೆಕ್ಕಿನ ಕಣ್ಣಿತ್ತಂತೆ. ಅವರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಆಗ ಮಾವ ಇನ್ನೂ ಕೈಗೂಸು, ಹಾಗಾಗಿ ಅಜ್ಜನ ಮುಖ ನೆನಪಿರುವುದು ಅವ್ವನಿಗೆ ಮಾತ್ರ. ತೊಟ್ಟಿಲ ಕಾರ್ಯಕ್ಕೆ ಬಂದವರಿಂದ ಹಿಡಿದು ಓಣಿಯವರ ತನಕ ಎಲ್ಲರೂ ‘ಯಾರ ಹಂಗ ಅದಾವ ಈ ಕಣ್ಣು?’ ಅಂತ ಕೇಳುತ್ತಾರೆ. ಕೇಳುವ ರೀತಿಯೇ ಬೇರೆ ಇರುತ್ತದೆ. ಎರಡು ತಲೆಮಾರು ಬಿಟ್ಟು ಕಣ್ಣಿನ ಬಣ್ಣ ಬರುತ್ತದೆಯೇ? ಮುಂದೆ ಕಪ್ಪಾಗುತ್ತದೆಯೇ? ದೃಷ್ಟಿಗೆ ತೊಂದರೆ ಇದೆಯೇ? ಎರಡನೇ ಮಗುವಿಗೂ ಹೀಗೇ ಆಗುತ್ತದೆಯೇ?
— ಓದುಗರೊಬ್ಬರು, ರೋಣ ತಾಲ್ಲೂಕು

ಉತ್ತರ: ಬರುತ್ತದೆ ತಂಗಿ. ಎರಡು ಯಾಕೆ, ನಾಲ್ಕೈದು ತಲೆಮಾರು ಬಿಟ್ಟೂ ಬರುತ್ತದೆ. ನಿಮ್ಮ ಅವ್ವನ ನೆನಪನ್ನೂ ನಿಮ್ಮ ಮದುವೆಯ ಸೋದರಿಕೆಯನ್ನೂ ಜೋಡಿಸಿ ನೋಡಿದರೆ ಮಗಳ ಕಣ್ಣಿಗೆ ಕಾರಣ ಸಿಕ್ಕೇ ಬಿಡುತ್ತದೆ.

ಆ ‘ಬೇರೆ ರೀತಿ’ ಕೇಳುವವರಿಗೆ ಮೊದಲೇ ಒಂದು ಮಾತು ಹೇಳುತ್ತೇನೆ. ಕಣ್ಣಿನ ಬಣ್ಣ ನೋಡಿ ಮಗು ಯಾರದ್ದು ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಕಣ್ಣಿನ ಡಾಕ್ಟರಿಗೂ ಸಾಧ್ಯವಿಲ್ಲ. ಹುಬ್ಬಳ್ಳಿಯಲ್ಲಿ ನನ್ನ ಹತ್ತಿರ ಮಗುವಿನ ಕಣ್ಣು ತೋರಿಸಲು ಬರುವ ಕೆಲವು ತಾಯಂದಿರ ಮನಸ್ಸಿನಲ್ಲಿ ಇದೇ ಪ್ರಶ್ನೆ ಇರುತ್ತದೆ. ಜೊತೆಗೆ ಬಂದವರ ಮುಂದೆ ಕೇಳಲು ಆಗುವುದಿಲ್ಲ. ಒಂದು ಕೂಸಿನ ಕಣ್ಣಿನ ಬಣ್ಣಕ್ಕೆ ಬಾಣಂತಿ ಉತ್ತರ ಕೊಡಬೇಕಾಗಿ ಬರುವುದು ನನಗೆ ನಿಜವಾಗಿಯೂ ಸಂಕಟ ಕೊಡುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಮನೆಯವರಿಗೂ ಓದಿಸಿ.

ಮೊದಲು ಬಣ್ಣದ ವಿಷಯ. ಕಣ್ಣಿನ ನಡುವಿನ ಕಪ್ಪು ಚುಕ್ಕೆಯ ಸುತ್ತ ಇರುವ ಬಣ್ಣದ ಪರದೆಗೆ ಐರಿಸ್ ಅಂತೀವಿ. ನಾವು ಕಪ್ಪು ಕಣ್ಣು ಅನ್ನುವುದೆಲ್ಲ ನಿಜವಾಗಿ ಗಾಢ ಕಂದು. ಬೆಳಗಿನ ಬೆಳಕಿನಲ್ಲಿ ಮನೆಯವರನ್ನು ಕಿಟಕಿ ಹತ್ತಿರ ನಿಲ್ಲಿಸಿ ನೋಡಿ. ಒಬ್ಬೊಬ್ಬರದು ಒಂದೊಂದು ಕಂದು. ನಮ್ಮ ಮೈಗೆ, ಕೂದಲಿಗೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವೇ ಐರಿಸ್‌ಗೂ ಬಣ್ಣ ಕೊಡುತ್ತದೆ. ಅದನ್ನು ತಯಾರಿಸುವ ಕೋಶಗಳ ಸಂಖ್ಯೆ ಕರಿ ಕಣ್ಣಿನವರಲ್ಲೂ ನೀಲಿ ಕಣ್ಣಿನವರಲ್ಲೂ ಹೆಚ್ಚುಕಡಿಮೆ ಒಂದೇ. ಆ ಕೋಶಗಳಲ್ಲಿ ಎಷ್ಟು ಮೆಲನಿನ್ ತುಂಬಿದೆ, ಯಾವ ಬಗೆಯದು ತುಂಬಿದೆ ಅನ್ನುವುದರಲ್ಲಿ ವ್ಯತ್ಯಾಸ. ಜಾಸ್ತಿ ಇದ್ದರೆ ಗಾಢ ಕಂದು, ಕಡಿಮೆ ಆದಂತೆ ತಿಳಿ ಕಂದು, ಆಮೇಲೆ ಹಸಿರು ಮಿಶ್ರಿತ ಬಣ್ಣ, ತೀರಾ ಕಡಿಮೆ ಆದರೆ ನೀಲಿ. ಕಣ್ಣಿನಲ್ಲಿ ನೀಲಿ ಬಣ್ಣ ಅಂತ ಯಾವ ವಸ್ತುವೂ ಇಲ್ಲ, ಹಸಿರೂ ಇಲ್ಲ. ಮೆಲನಿನ್ ಕಡಿಮೆ ಇರುವ ಐರಿಸ್‌ನ ಒಳಗೆ ಹೋದ ಬೆಳಕು ಚದುರಿ, ಅದರ ನೀಲಿ ಭಾಗ ಜಾಸ್ತಿ ಹೊರಗೆ ಬರುತ್ತದೆ, ಅಷ್ಟೇ. ನಿಮ್ಮ ಮಗಳ ಕಣ್ಣು ಬಿಸಿಲಿನಲ್ಲಿ ಹಸಿರಾಗಿ ಕಾಣುವುದೂ ಹೀಗೆಯೇ: ಇರುವ ಸ್ವಲ್ಪ ಕಂದು, ಅದರ ಮೇಲೆ ಚದುರಿದ ಬೆಳಕಿನ ನೀಲಿ.

ಈಗ ಅಪ್ಪ–ಅವ್ವನಿಂದ ಬರುವ ವಿಷಯಕ್ಕೆ ಬರೋಣ. ಶಾಲೆಯಲ್ಲಿ ನಾವು ಓದಿದ್ದು ಹೀಗೆ: ಕಂದು ಪ್ರಬಲ, ನೀಲಿ ದುರ್ಬಲ. ಅಮೆರಿಕದ ಚಾರ್ಲ್ಸ್ ಮತ್ತು ಗರ್ಟ್ರೂಡ್ ಡೇವನ್‌ಪೋರ್ಟ್ ದಂಪತಿ 1907ರಲ್ಲಿ ಈ ನಿಯಮ ಹೇಳಿದರು. ನೀಲಿ ಕಣ್ಣಿನ ತಂದೆ ತಾಯಿಗೆ ಕಂದು ಕಣ್ಣಿನ ಮಗು ಹುಟ್ಟಲಾರದು ಎಂಬ ಮಾತು ಇದರಿಂದಲೇ ಹುಟ್ಟಿತು. ಆದರೆ ಅದು ಪೂರ್ತಿ ನಿಜ ಅಲ್ಲ. ಅಪರೂಪಕ್ಕೆ ಅಂಥ ಮಕ್ಕಳೂ ಹುಟ್ಟುತ್ತಾರೆ. ಅಪ್ಪ–ಅವ್ವನ ಗುಣವನ್ನು ಮಗುವಿಗೆ ದಾಟಿಸುವ ತುಣುಕಿಗೆ ಜೀನ್ ಅಂತೀವಿ; ಕಣ್ಣಿನ ಬಣ್ಣ ಒಂದೇ ಜೀನ್‌ನ ಕೆಲಸ ಅಲ್ಲವಾದ್ದರಿಂದ ಹೀಗಾಗುತ್ತದೆ.

ಹಾಗಂತ ಎಲ್ಲ ಜೀನ್‌ಗಳಿಗೂ ಸಮಪಾಲು ಇಲ್ಲ. ದೊಡ್ಡ ಪಾಲು 15ನೇ ಕ್ರೋಮೋಸೋಮಿನಲ್ಲಿ (ಜೀನ್‌ಗಳು ಸಾಲಾಗಿ ಕೂತಿರುವ ಎಳೆಗೆ ಕ್ರೋಮೋಸೋಮ್ ಅಂತೀವಿ) ಅಕ್ಕಪಕ್ಕ ಕೂತಿರುವ ಎರಡು ಜೀನ್‌ಗಳದ್ದು. ಒಂದರ ಹೆಸರು ಓಸಿಎ–2. ಮೆಲನಿನ್ ತಯಾರಾಗಲು ಇದು ಬೇಕು. ಇನ್ನೊಂದು ಹೆರ್ಕ್–2. ಇದರೊಳಗಿನ ಒಂದು ಸಣ್ಣ ಜಾಗ ಪಕ್ಕದ ಓಸಿಎ–2 ಎಷ್ಟು ಕೆಲಸ ಮಾಡಬೇಕು ಎಂದು ನಿರ್ಧರಿಸುತ್ತದೆ. ಆ ಜಾಗದಲ್ಲಿ ಒಂದೇ ಒಂದು ಅಕ್ಷರದಷ್ಟು ಬದಲಾವಣೆಯಾದರೆ ಸಾಕು, ಐರಿಸ್‌ನಲ್ಲಿ ಮೆಲನಿನ್ ತೀರಾ ಕಡಿಮೆ ತಯಾರಾಗುತ್ತದೆ. 2008ರಲ್ಲಿ ಇದು ಗೊತ್ತಾಯಿತು. ಯುರೋಪಿನ ನೀಲಿ ಕಣ್ಣಿನ ಹೆಚ್ಚಿನ ಜನರಲ್ಲಿ ಇರುವುದು ಇದೇ ಬದಲಾವಣೆ. ಭಾರತದಲ್ಲೂ ಇದು ಇದೆ. ವಾಯವ್ಯದ ಕಡೆ ಸ್ವಲ್ಪ ಜಾಸ್ತಿ, ದಕ್ಷಿಣಕ್ಕೆ ಬಂದಂತೆ ಕಡಿಮೆ.

ಉಳಿದ ಜೀನ್‌ಗಳು ಬಣ್ಣವನ್ನು ಅಷ್ಟಿಷ್ಟು ಏರಿಳಿಸುತ್ತವೆ. 2021ರಲ್ಲಿ ಸುಮಾರು 1,95,000 ಜನರ ಮಾಹಿತಿ ಸೇರಿಸಿ ಮಾಡಿದ ಅಧ್ಯಯನದಲ್ಲಿ ಕಣ್ಣಿನ ಬಣ್ಣಕ್ಕೆ ಸಂಬಂಧಿಸಿದ 61 ಜಾಗಗಳು ಕಂಡವು. ಏಷ್ಯಾದವರ ಕಂದು ಕಣ್ಣುಗಳಲ್ಲಿ ಗಾಢ, ತಿಳಿ ಎಂಬ ವ್ಯತ್ಯಾಸ ಬರುವುದೂ ಬಹುಮಟ್ಟಿಗೆ ಇದೇ ಜೀನ್‌ಗಳಿಂದ ಎಂದು ಅದರಲ್ಲಿ ತಿಳಿಯಿತು. ಆದ್ದರಿಂದ ಕೆಳಗೆ ನಾನು ಹೇಳುವ ಲೆಕ್ಕ ಮುಖ್ಯ ಜೀನ್ ಒಂದನ್ನೇ ಹಿಡಿದು ಸರಳ ಮಾಡಿದ್ದು ಅಂತ ತಿಳಿಯಿರಿ.

ಪ್ರತಿ ಜೀನ್‌ಗೂ ನಮ್ಮಲ್ಲಿ ಎರಡು ಪ್ರತಿ ಇರುತ್ತವೆ. ಒಂದು ಅಪ್ಪನದು, ಒಂದು ಅವ್ವನದು. ಒಂದು ಕರಿ ಪ್ರತಿ, ಒಂದು ತಿಳಿ ಪ್ರತಿ ಇದ್ದರೆ ಸಾಮಾನ್ಯವಾಗಿ ಕಣ್ಣು ಗಾಢವೇ ಕಾಣುತ್ತದೆ. ತಿಳಿ ಪ್ರತಿ ಒಳಗೆ ಅಡಗಿ ಇರುತ್ತದೆ. ಅದು ಕರಗಿ ಹೋಗುವುದಿಲ್ಲ, ಕರಿಯ ಜೊತೆ ಬೆರೆತು ಮಾಸುವುದೂ ಇಲ್ಲ. ಮುಂದಿನ ತಲೆಮಾರಿಗೆ ಇದ್ದ ಹಾಗೇ ದಾಟುತ್ತದೆ.

ನಿಮ್ಮ ಕಡೆಯ ಹೊಲದವರಿಗೆ ಇದು ಹೊಸ ವಿಷಯವಲ್ಲ. ಧಾರವಾಡದಲ್ಲಿ ಹತ್ತಿ ವಿಜ್ಞಾನಿ ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಹತ್ತಿ ತಂದರು. ಆಮೇಲೆ ಡಿಸಿಎಚ್–32 ಬಂತು, ಅದನ್ನು ನಮ್ಮ ಜನ ಜಯಲಕ್ಷ್ಮಿ ಅಂತ ಕರೆದರು. ಎರಡೂ ಹೈಬ್ರಿಡ್. ಹೊಲದ ತುಂಬ ಒಂದೇ ಥರದ ಗಿಡ. ಆದರೆ ಅದರದೇ ಬೀಜ ಎತ್ತಿಟ್ಟು ಮರುವರ್ಷ ಬಿತ್ತಿದರೆ ಗಿಡಗಳು ಒಂದೊಂದು ಒಂದೊಂದು ಥರ ಏಳುತ್ತವೆ. ಕೆಲವು ತಾಯಿ ತಳಿಯ ಹಾಗೆ, ಕೆಲವು ತಂದೆ ತಳಿಯ ಹಾಗೆ. ಹಿಂದಿನ ವರ್ಷ ಹೊಲದಲ್ಲಿ ಕಾಣದೇ ಇದ್ದ ಗುಣಗಳು ಬೀಜದೊಳಗೆ ಇದ್ದೇ ಇದ್ದವು. ಹತ್ತಿಗೂ ಮನುಷ್ಯನಿಗೂ ಇಲ್ಲಿ ನಿಯಮ ಒಂದೇ.

ಅಜ್ಜ–ಅಜ್ಜಿಯರ ಪಾಲು ಎಷ್ಟು? ನಾಲ್ವರಿಂದಲೂ ಕಾಲು ಕಾಲು ಬರುತ್ತದೆ ಅಂತ ಹೇಳುತ್ತಾರೆ. ಒಟ್ಟು ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಸರಿ. ಆದರೆ ಒಂದೇ ಜೀನ್ ಹಿಡಿದು ನೋಡಿದರೆ ಲೆಕ್ಕ ಬೇರೆ. ಅಪ್ಪ ಮಗುವಿಗೆ ಒಂದು ಪ್ರತಿ ಕೊಡುತ್ತಾನೆ. ಅದು ಅವನ ಅಪ್ಪನಿಂದ ಬಂದದ್ದಿರಬಹುದು ಅಥವಾ ಅವನ ಅವ್ವನಿಂದ ಬಂದದ್ದಿರಬಹುದು, ಎರಡೂ ಆಗಲಾರದು. ಅವ್ವನ ಕಡೆಯೂ ಹಾಗೇ. ಅಂದರೆ ಆ ಜೀನ್‌ನ ಮಟ್ಟಿಗೆ ಮಗುವಿಗೆ ನಾಲ್ವರು ಅಜ್ಜ–ಅಜ್ಜಿಯರಲ್ಲಿ ಇಬ್ಬರಿಂದ ಮಾತ್ರ ಬಂದಿರುತ್ತದೆ. ಉಳಿದ ಇಬ್ಬರದು ಅಲ್ಲಿ ಏನೂ ಇಲ್ಲ. ಮುತ್ತಜ್ಜ–ಮುತ್ತಜ್ಜಿಯರು ಎಂಟು ಜನ ಇದ್ದರೆ ಅವರಲ್ಲೂ ಇಬ್ಬರದೇ. ‘ನಮ್ಮ ಮನಿಯವರ ಕಣ್ಣು ಒಂದೂ ಬರಲಿಲ್ಲಲ್ಲ’ ಅಂತ ಬೀಗರು ಬೇಜಾರು ಮಾಡಿಕೊಳ್ಳುವುದುಂಟು. ಕಣ್ಣು ಬರದಿದ್ದರೆ ಮೂಗು ಬಂದಿರುತ್ತದೆ, ಬೆರಳು ಬಂದಿರುತ್ತದೆ.

ಇನ್ನೊಂದು ಮಾತು. ಕಣ್ಣಿನ ಬಣ್ಣದ ಈ ಮುಖ್ಯ ಜೀನ್‌ಗಳು ಗಂಡೋ ಹೆಣ್ಣೋ ಎಂದು ನಿರ್ಧರಿಸುವ ಎಕ್ಸ್, ವೈ ಕ್ರೋಮೋಸೋಮುಗಳ ಮೇಲೆ ಇಲ್ಲ. ಹಾಗಾಗಿ ಗಂಡು ಮಗ ಸೋದರಮಾವನ ಕಣ್ಣು ತರುತ್ತಾನೆ, ಹೆಣ್ಣು ಮಗಳು ಸೋದರತ್ತೆಯ ಕಣ್ಣು ತರುತ್ತಾಳೆ ಎಂಬ ನಿಯಮ ಇಲ್ಲ. ಎರಡೂ ಕಡೆಗೂ ಸಮ ಅವಕಾಶ.

ಈಗ ನಿಮ್ಮ ಮನೆಯ ಲೆಕ್ಕ ಹಾಕೋಣ. ನಿಮ್ಮ ತಾಯಿಯ ಅಪ್ಪನಿಗೆ ತಿಳಿ ಕಣ್ಣಿತ್ತು ಅಂದರೆ ಅವರ ಎರಡೂ ಪ್ರತಿ ತಿಳಿಯವೇ. ಹಾಗಾದರೆ ಅವರ ಪ್ರತಿ ಮಗುವಿಗೂ ಒಂದು ತಿಳಿ ಪ್ರತಿ ಹೋಗಿಯೇ ಹೋಗಿರುತ್ತದೆ. ನಿಮ್ಮ ಅವ್ವನಲ್ಲೂ ಇದೆ, ನಿಮ್ಮ ಮಾವನಲ್ಲೂ ಇದೆ. ಇಬ್ಬರಿಗೂ ಇನ್ನೊಂದು ಪ್ರತಿ ಕರಿಯದು ಇದ್ದುದರಿಂದ ಕಣ್ಣು ಕಪ್ಪಾಗಿ ಕಂಡವು. ಅವ್ವನಿಂದ ಆ ತಿಳಿ ಪ್ರತಿ ನಿಮಗೆ ಬರುವ ಸಾಧ್ಯತೆ ಅರ್ಧ. ಮಾವನಿಂದ ನಿಮ್ಮ ಗಂಡನಿಗೆ ಬರುವ ಸಾಧ್ಯತೆಯೂ ಅರ್ಧ. ಇಬ್ಬರಲ್ಲೂ ಇದ್ದರೆ, ನಿಮ್ಮ ಮಗುವಿಗೆ ಎರಡೂ ಕಡೆಯಿಂದ ತಿಳಿ ಪ್ರತಿಯೇ ಸಿಗುವ ಸಾಧ್ಯತೆ ಕಾಲು. ಎಲ್ಲ ಗುಣಿಸಿದರೆ 16ರಲ್ಲಿ 1. ನಿಮ್ಮ ಗಂಡ ಹೊರಗಿನ ಸಂಬಂಧದವರಾಗಿದ್ದು, ಅವರ ಮನೆತನದಲ್ಲಿ ತಿಳಿ ಪ್ರತಿ ಇಲ್ಲದೇ ಹೋಗಿದ್ದರೆ, ಈ ಸಾಧ್ಯತೆ ಬಹಳ ಕಡಿಮೆ ಇರುತ್ತಿತ್ತು. ಇದರ ಅರ್ಥ ನೋಡಿ. ಅಜ್ಜನಿಂದ ಎರಡು ದಾರಿಯಲ್ಲಿ ಹೊರಟ ಒಂದೇ ಗುಣ, ಗಂಡನ ಕಡೆಯಿಂದಲೂ ನಿಮ್ಮ ಕಡೆಯಿಂದಲೂ ಬಂದು ಮಗಳಲ್ಲಿ ಸೇರಿದೆ. ಮಗಳಿಗೆ ಈ ಕಣ್ಣು ಬರಲು ನಿಮ್ಮ ಗಂಡನೂ ಒಂದು ಪ್ರತಿ ಕೊಡಲೇಬೇಕು. ಓಣಿಯವರು ಯಾವುದನ್ನು ಅನುಮಾನದ ಗುರುತು ಅಂದುಕೊಂಡಿದ್ದಾರೋ ಅದು ಎರಡೂ ಮನೆಯವರು ಒಂದೇ ಅಜ್ಜನ ಕುಡಿ ಎಂಬುದರ ಕಡೆಗೇ ಬೆರಳು ತೋರಿಸುತ್ತದೆ. ಇದನ್ನು ನಿಮ್ಮ ಅತ್ತೆಯವರಿಗೆ ಹೇಳಿ. ಅವರು ಮದುವೆಯಾಗಿ ಬರುವ ಹೊತ್ತಿಗೆ ಅಜ್ಜ ಇರಲಿಲ್ಲ, ಪಾಪ ಅವರಿಗೆ ಹೇಗೆ ಗೊತ್ತಿರಬೇಕು? ಅಜ್ಜನ ತಮ್ಮಂದಿರು, ತಂಗಿಯರು, ಊರಿನ ಹಿರಿಯರು ಯಾರಾದರೂ ಇದ್ದರೆ ಕೇಳಿ ನೋಡಿ. ಅವರ ಮಕ್ಕಳು ಮೊಮ್ಮಕ್ಕಳಲ್ಲೂ ಇಂಥ ಕಣ್ಣು ಇರಬಹುದು.

ಅಜ್ಜಂದಿರ ಕಣ್ಣಿನ ಬಗ್ಗೆ ಕೇಳುವಾಗ ಒಂದು ಎಚ್ಚರ ಬೇಕು. ವಯಸ್ಸಾದವರ ಕಣ್ಣಿನಲ್ಲಿ ಐರಿಸ್‌ನ ಅಂಚಿಗೆ ಬೂದು–ನೀಲಿ ಬಣ್ಣದ ಉಂಗುರ ಕಾಣುವುದುಂಟು. ಅದು ಕಾರ್ನಿಯಾದ (ಕಣ್ಣಿನ ಮುಂದಿನ ಗಾಜಿನಂಥ ಪದರದ) ಅಂಚಿನಲ್ಲಿ ಕೊಬ್ಬು ಸೇರಿ ಆದದ್ದು. ಪೊರೆ ಬಲಿತರೂ ಕಣ್ಣು ಬೂದು ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ‘ನಮ್ಮಜ್ಜಿಗೆ ನೀಲಿ ಕಣ್ಣಿದ್ದವು’ ಅನ್ನುವ ಎಷ್ಟೋ ನೆನಪುಗಳು ಇಂಥವೇ. ಇದು ಮೊಮ್ಮಕ್ಕಳಿಗೆ ಬಣ್ಣವಾಗಿ ಬರುವುದಿಲ್ಲ. ಆದರೆ ನಿಮ್ಮ ಅಜ್ಜ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡವರು. ಹಾಗಾಗಿ ಅವ್ವ ನೋಡಿದ್ದು ವಯಸ್ಸಿನ ಉಂಗುರ ಆಗಿರಲಿಕ್ಕಿಲ್ಲ, ಹುಟ್ಟಿನ ಬಣ್ಣವೇ ಇರಬೇಕು. (40 ವರ್ಷಕ್ಕಿಂತ ಮೊದಲೇ ಯಾರಿಗಾದರೂ ಇಂಥ ಉಂಗುರ ಕಂಡರೆ ಒಮ್ಮೆ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸುವುದು ಒಳ್ಳೆಯದು.)

ಮುಂದೆ ಕಪ್ಪಾಗುತ್ತದೆಯೇ ಅಂದಿರಿ. ಹುಟ್ಟಿದಾಗ ಐರಿಸ್‌ನಲ್ಲಿ ಮೆಲನಿನ್ ಪೂರ್ತಿ ತುಂಬಿರುವುದಿಲ್ಲ. ಮೊದಲ ವರ್ಷ ವೇಗವಾಗಿ ತುಂಬುತ್ತದೆ. ಕೆಲವು ಮಕ್ಕಳಲ್ಲಿ ಮೂರು ವರ್ಷದ ತನಕ ನಿಧಾನಕ್ಕೆ ಬದಲಾಗುತ್ತದೆ. ನಿಮ್ಮ ಮಗಳಿಗೆ 14 ತಿಂಗಳು. ಇನ್ನೂ ಒಂದಿಷ್ಟು ಗಾಢ ಆಗಬಹುದು, ಪೂರ್ತಿ ಕಪ್ಪಾಗುವುದು ಕಡಿಮೆ. ಇದನ್ನು ಬೇಗ ಮಾಡಿಸುವ ಔಷಧಿ ಇಲ್ಲ, ಬೇಕಾಗಿಯೂ ಇಲ್ಲ. ಕಾಡಿಗೆ ಹಚ್ಚಿದರೆ ಕಪ್ಪಾಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ, ಬೆರಳಿನಿಂದ ಸೋಂಕೂ ತಗಲುತ್ತದೆ. ಔಡಲ ಎಣ್ಣೆ, ಎದೆ ಹಾಲು ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಬಸುರಿಯಲ್ಲಿ ಕೇಸರಿ ಹಾಲು ಕುಡಿದದ್ದಕ್ಕೂ, ಗ್ರಹಣಕ್ಕೂ ಈ ಬಣ್ಣಕ್ಕೂ ಯಾವ ಸಂಬಂಧವೂ ಇಲ್ಲ.

ದೃಷ್ಟಿ? ತಿಳಿ ಕಣ್ಣು ಅಂದರೆ ದುರ್ಬಲ ಕಣ್ಣು ಅಲ್ಲ. ಬಿಸಿಲಿಗೆ ಸ್ವಲ್ಪ ಜಾಸ್ತಿ ಕಣ್ಣು ಕುಕ್ಕಬಹುದು. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಮಗುವಿಗೆ ಅಂಚಿರುವ ಟೋಪಿ ಹಾಕಿ ಸಾಕು. ಆದರೆ ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ ಅಂತ ನಾನು ಒತ್ತಿ ಹೇಳುತ್ತೇನೆ. ಬಣ್ಣ ತಾನೇ ಅಂತ ಸುಮ್ನೆ ಬಿಡಬಾರದ ಕೆಲವು ಸಂಗತಿಗಳಿವೆ.

ಅದರಲ್ಲಿ ನನಗೆ ಅತಿ ಹೆಚ್ಚು ಚಿಂತೆ ಕೊಡುವುದು ಹುಟ್ಟು ಗ್ಲಾಕೋಮಾ. ಕೂಸಿನ ಕಣ್ಣಿನೊಳಗೆ ಒತ್ತಡ ಏರಿ ಕಣ್ಣುಗುಡ್ಡೆಯೇ ಹಿಗ್ಗುತ್ತದೆ. ಮುಂದಿನ ಗಾಜಿನಂಥ ಪದರ ನೀಲಿ ಛಾಯೆಗೆ ತಿರುಗಿ ಮಬ್ಬಾಗುತ್ತದೆ. ನೋಡಿದವರು ‘ಎಷ್ಟ ದೊಡ್ಡ ಕಣ್ಣು, ಎಷ್ಟ ಚಂದ’ ಅನ್ನುತ್ತಾರೆ. ಮನೆಯವರಿಗೂ ಸಂತೋಷ. ಅಷ್ಟರಲ್ಲಿ ದೃಷ್ಟಿಯ ನರ ಹಾಳಾಗುತ್ತಿರುತ್ತದೆ. ಮಗು ಬೆಳಕು ಕಂಡರೆ ಕಣ್ಣು ಮುಚ್ಚಿ ಮುಖ ತಿರುಗಿಸುತ್ತದೆ, ಕಣ್ಣಿನಿಂದ ನೀರು ಸುರಿಯುತ್ತಲೇ ಇರುತ್ತದೆ. ಹುಟ್ಟಿದ ಕೂಸಿನ ಕಾರ್ನಿಯಾ ಸುಮಾರು 10 ಮಿಲಿಮೀಟರ್ ಅಗಲ. ವರ್ಷ ತುಂಬುವ ಮೊದಲೇ 12 ದಾಟಿದರೆ ನಾವು ಅನುಮಾನ ಪಡುತ್ತೇವೆ. ಬೇಗ ಆಪರೇಷನ್ ಮಾಡಿದರೆ ಕಣ್ಣು ಉಳಿಯುತ್ತದೆ. ತಿಂಗಳುಗಟ್ಟಲೆ ಕಾದರೆ ಹೋದ ದೃಷ್ಟಿ ಮರಳುವುದಿಲ್ಲ. ಈ ಕಾಯಿಲೆಯ ಜೀನ್ ಕೂಡ ಹೆಚ್ಚಾಗಿ ಅಡಗಿಯೇ ಸಾಗುತ್ತದೆ, ಸೋದರಿಕೆಯ ಮದುವೆಗಳಲ್ಲಿ ಜಾಸ್ತಿ ಹೊರಗೆ ಬರುತ್ತದೆ. ಹಾಗಾಗಿ ನಮ್ಮ ಕಡೆಯವರು ಇದನ್ನು ತಿಳಿದಿರಲೇಬೇಕು.

ಇನ್ನೊಂದು, ಕಂದು ಮೈಬಣ್ಣದ ಮಗುವಿನಲ್ಲಿ ಎದ್ದು ಕಾಣುವ ಕಡು ನೀಲಿ ಕಣ್ಣು. ಒಂದು ಕಣ್ಣು ನೀಲಿ, ಇನ್ನೊಂದು ಕಪ್ಪು ಇರುವುದೂ ಉಂಟು. ಕೆಲವರಿಗೆ ಹಣೆಯ ಮೇಲೆ ಬಿಳಿ ಕೂದಲಿನ ಗೊಂಚಲು ಇರುತ್ತದೆ. ಇದು ವಾರ್ಡನ್‌ಬರ್ಗ್ ಸಿಂಡ್ರೋಮ್ ಇರಬಹುದು. ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಆದರೆ ಇಂಥ ಕೆಲವು ಮಕ್ಕಳಿಗೆ ಕಿವಿ ಕೇಳುವುದಿಲ್ಲ. ಎಲ್ಲರೂ ಕಣ್ಣು ನೋಡುತ್ತಾರೆ, ಕಿವಿ ಯಾರೂ ನೋಡುವುದಿಲ್ಲ. ಮಾತು ಬರಲಿಲ್ಲ ಎಂದು ಮೂರನೇ ವರ್ಷಕ್ಕೆ ಕರೆದುಕೊಂಡು ಬರುವುದಕ್ಕಿಂತ ಮೊದಲ ತಿಂಗಳುಗಳಲ್ಲೇ ಕಿವಿಯ ಪರೀಕ್ಷೆ ಮಾಡಿಸಿದರೆ ಆ ಮಗು ಮಾತು ಕಲಿಯುತ್ತದೆ.

ಕಣ್ಣುಗುಡ್ಡೆ ಅತ್ತಿತ್ತ ಅಲುಗುತ್ತಲೇ ಇದ್ದರೆ, ಕೂದಲು, ಮೈಬಣ್ಣ ಮನೆಯ ಬೇರೆಯವರಿಗಿಂತ ತೀರಾ ತಿಳಿ ಇದ್ದರೆ ಅದು ಆಲ್ಬಿನಿಸಂ (ಹುಟ್ಟಿನಿಂದಲೇ ಮೆಲನಿನ್ ಕೊರತೆ) ಇರಬಹುದು. ನಮ್ಮ ದೇಶದ ಮಕ್ಕಳಲ್ಲಿ ಕೂದಲು ಪೂರ್ತಿ ಬೆಳ್ಳಗಿರದೆ ತಿಳಿ ಕಂದು ಇರುವುದೂ ಉಂಟು, ಆಗ ಗುರುತು ಸಿಗುವುದು ತಡವಾಗುತ್ತದೆ. ಇನ್ನು ಮೊಬೈಲಿನ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ನಡುವಿನ ಪಾಪೆ ಕೆಂಪಗೆ ಕಾಣುವ ಬದಲು ಬೆಳ್ಳಗೆ ಹೊಳೆದರೆ ಅದೇ ವಾರ ಆಸ್ಪತ್ರೆಗೆ ಹೋಗಿ. ಪೊರೆ ಇರಬಹುದು, ಕಣ್ಣಿನೊಳಗಿನ ಗಡ್ಡೆಯೂ ಇರಬಹುದು. ಬೇಗ ಹಿಡಿದರೆ ಜೀವ ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ.

ನೀವು ಬರೆದಿರುವುದರಲ್ಲಿ ಇವುಗಳಲ್ಲಿ ಯಾವ ಲಕ್ಷಣವೂ ಇಲ್ಲ. ಆದರೂ ಒಂದು ಸಲ ಗದಗದ ಜಿಲ್ಲಾ ಆಸ್ಪತ್ರೆಯಲ್ಲೋ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯಲ್ಲೋ ತೋರಿಸಿ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ಹೇಳಬಹುದು. ಅವರು ಹುಟ್ಟಿನಿಂದ 18 ವರ್ಷದ ತನಕದ ಮಕ್ಕಳನ್ನು ನೋಡುತ್ತಾರೆ, ಕಣ್ಣು, ಕಿವಿ ಎರಡನ್ನೂ. ಖರ್ಚಿಲ್ಲ.

ಕೊನೆಗೆ ಎರಡನೇ ಮಗು. ಮೊದಲ ಮಗಳಿಗೆ ತಿಳಿ ಕಣ್ಣು ಬಂದ ಮೇಲೆ, ನಿಮ್ಮಿಬ್ಬರಲ್ಲೂ ಆ ಪ್ರತಿ ಇದೆ ಎಂದೇ ತಿಳಿಯಬೇಕು. ಆದ್ದರಿಂದ ಈಗ ಸಾಧ್ಯತೆ 16ರಲ್ಲಿ 1 ಅಲ್ಲ, 4ರಲ್ಲಿ 1. ಇದು ಪ್ರತಿ ಬಸಿರಿಗೂ ಹೊಸದಾಗಿ ಹಾಕುವ ಲೆಕ್ಕ. ಒಬ್ಬಳಿಗೆ ಬಂದಿದೆ, ಇನ್ನು ಮೂವರಿಗೆ ಬರುವುದಿಲ್ಲ ಅಂತ ಅಲ್ಲ.

ಬಣ್ಣಕ್ಕಿಂತ ದೊಡ್ಡ ವಿಷಯವೊಂದನ್ನು ಇಲ್ಲಿ ಹೇಳದೇ ಇರಲಾರೆ. ತಿಳಿ ಕಣ್ಣು ತಂದ ದಾರಿಯಲ್ಲೇ ಅಡಗಿದ ಕಾಯಿಲೆಗಳೂ ಬರಬಹುದು. ಯಾವುದೇ ಮಗುವಿಗೆ ಹುಟ್ಟಿನಿಂದ ದೊಡ್ಡ ತೊಂದರೆ ಇರುವ ಸಾಧ್ಯತೆ ನೂರಕ್ಕೆ ಎರಡು–ಮೂರು. ಸೋದರಮಾವ ಅಥವಾ ಸೋದರತ್ತೆಯ ಮಕ್ಕಳನ್ನು ಮದುವೆಯಾದವರಲ್ಲಿ ಅದಕ್ಕೆ ಇನ್ನೂ ಎರಡು–ಮೂರು ಸೇರುತ್ತದೆ. ಸೋದರಮಾವನನ್ನೇ ಮದುವೆಯಾದವರಲ್ಲಿ ಅದಕ್ಕಿಂತ ಜಾಸ್ತಿ. ಹೆದರಿಕೊಂಡು ಮಗು ಬೇಡ ಅನ್ನುವಷ್ಟು ದೊಡ್ಡ ಅಂಕಿ ಅಲ್ಲ, ಆದರೆ ಡಾಕ್ಟರಿಗೆ ಹೇಳದೇ ಇರುವಷ್ಟು ಸಣ್ಣದೂ ಅಲ್ಲ. ಎರಡನೇ ಬಸಿರಿಗೆ ಮೊದಲೇ ‘ನಮ್ಮದು ಸೋದರಿಕೆ’ ಎಂದು ಹೇಳಿಬಿಡಿ. ನಿಮ್ಮ ಕಳ್ಳುಬಳ್ಳಿಯಲ್ಲಿ ಹುಟ್ಟು ಕಿವುಡು, ಹುಟ್ಟು ಕುರುಡು, ಚಿಕ್ಕಂದಿನಲ್ಲೇ ತೀರಿಹೋದ ಮಕ್ಕಳು ಯಾರಾದರೂ ಇದ್ದರೆ ಹಿರಿಯರನ್ನು ಕೇಳಿ ಬರೆದಿಟ್ಟುಕೊಂಡು ಹೋಗಿ. 18ರಿಂದ 20 ವಾರದೊಳಗೆ ಸ್ಕ್ಯಾನಿಂಗ್, ಹುಟ್ಟಿದ ತಿಂಗಳೊಳಗೆ ಕಿವಿಯ ಪರೀಕ್ಷೆ, ಹುಟ್ಟಿದ ಆಸ್ಪತ್ರೆಯಲ್ಲೇ ಟಾರ್ಚ್ ಹಿಡಿದು ಕಣ್ಣಿನ ಪರೀಕ್ಷೆ. ಈ ಮೂರನ್ನು ತಪ್ಪಿಸಬೇಡಿ, ಮಗುವಿನ ಕಣ್ಣು ಯಾವ ಬಣ್ಣದ್ದೇ ಇರಲಿ.